ಪೀಠದಡಿಯ ಕರುಣೆ

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸ್ ಗಡಿ ಹತ್ತಿರವಾಗುವ ಶ್ರಾಪ್‌ಶೈರ್ ಸೀಮೆಯಲ್ಲಿ, ಲಡ್ಲೋ ಎಂಬ ಪೇಟೆಯಿದೆ. ಜನ 10,000ದ ಆಸುಪಾಸು. ದಿಬ್ಬದ ಮೇಲೆ ಪಾಳುಬಿದ್ದ ಕೋಟೆ, ಅದರ ಹತ್ತಿರವೇ ಸಂತ ಲಾರೆನ್ಸನ ಹೆಸರಿನ ದೊಡ್ಡ ಚರ್ಚು, ಕೆಳಗೆ ಊರನ್ನು ಬಳಸಿ ಹರಿಯುವ ಟೀಮ್ ಹೊಳೆ. ಹೊಳೆಯಾಚೆಯ ವಿಟ್‌ಕ್ಲಿಫ್ ಗುಡ್ಡ ನಮ್ಮ ಗೋಮಾಳದ ಹಾಗೆ ಊರವರೆಲ್ಲರದು. ಅಲ್ಲೊಂದು ಬೆಂಚಿನ ಮೇಲೆ ಅಕ್ಟೋಬರಿನ ಮಧ್ಯಾಹ್ನ ಇಬ್ಬರು ಕನ್ನಡಿಗರು ಕೂತು ಮಾತಾಡಿದರು. ಒಬ್ಬರು ಈ ಸೀಮೆಯಲ್ಲೇ ವೈದ್ಯರಾಗಿದ್ದು ನಿವೃತ್ತರಾದವರು. ಬಂದು ಮೂವತ್ತು ವರ್ಷ ದಾಟಿದೆ. ಇನ್ನೊಬ್ಬಳು ವೃದ್ಧರ ಆರೈಕೆಯ ಮನೆಯಲ್ಲಿ ನರ್ಸು. ಬಂದು ಎಂಟು ತಿಂಗಳು. ಮೂರನೆಯವನಾಗಿ ನಾನು ಚಹಾದ ಫ್ಲಾಸ್ಕ್ ಹಿಡಿದುಕೊಂಡು ಕೂತಿದ್ದೆ. ಇಬ್ಬರ ಮಾತೂ ನನ್ನೊಳಗೇ ನಡೆಯುತ್ತಿದ್ದ ಜಗಳದಂತೆ ಕೇಳಿಸಿತು. ಅದಕ್ಕೇ ಬರೆದಿಟ್ಟೆ.

ಹೊಸಬಳು: ಸರ್, ಬೆಳಗ್ಗೆಯಿಂದ ಊರೆಲ್ಲ ತಿರುಗಿಸಿದ್ರಿ. ಕಾಲು ನೋಯ್ತಿದೆ ಅಂತ ದೂರಲ್ಲ, ಡ್ಯೂಟಿಯಲ್ಲಿ ಇದಕ್ಕಿಂತ ಜಾಸ್ತಿ ನಡೀತೀನಿ. ಆದ್ರೆ ಒಂದು ಕೇಳ್ಬೇಕು. ಈ ಊರಲ್ಲಿ ಏನಿದೆ ಅಂತ ಇಷ್ಟು ವರ್ಷ ಉಳಿದ್ರಿ?

ಹಳಬ: ಇವತ್ತು ಏನೇನು ನೋಡಿದೆ, ನೀನೇ ಹೇಳು.

ಹೊಸಬಳು: ಒಂದು ಅಂಚೆ ಡಬ್ಬಿ. ಅದರ ಮುಂದೆ ಐದು ನಿಮಿಷ ನಿಲ್ಲಿಸಿದ್ರಿ. ಬ್ರಾಡ್ ಸ್ಟ್ರೀಟಿನ ಮನೆಗಳನ್ನ ಮುಂದಿನಿಂದ ತೋರಿಸೋದು ಬಿಟ್ಟು ಹಿತ್ತಲ ಓಣಿಗೆ ಕರ್ಕೊಂಡು ಹೋದ್ರಿ. ಚರ್ಚಿನಲ್ಲಿ ಆಸನಗಳ ತಳ ತೋರಿಸಿದ್ರಿ. ಸೇತುವೆ ದಾಟಿದ ಮೇಲೆ ರಸ್ತೆ ಬದಿಯ ಕಲ್ಲು. ರಾತ್ರಿ ಅಮ್ಮ ಫೋನಿನಲ್ಲಿ ಏನು ನೋಡಿದೆ ಅಂತ ಕೇಳಿದ್ರೆ ಏನು ಹೇಳ್ಲಿ?

ಹಳಬ: ಅಂಚೆ ಡಬ್ಬಿಯಿಂದಲೇ ಶುರು ಮಾಡು. ಅದರ ಎದೆ ಮೇಲೆ ಅಕ್ಷರ ಇತ್ತಲ್ಲ, ಅದು ಡಬ್ಬಿ ಮಾಡಿಸಿದ ಕಾಲದ ರಾಜನದೋ ರಾಣಿಯದೋ ಗುರುತು. ವಿ.ಆರ್. ಅಂದ್ರೆ ವಿಕ್ಟೋರಿಯಾ, ಜಿ.ಆರ್. ಅಂದ್ರೆ ಜಾರ್ಜ್. ಆಳಿದವರು ಹೋದ್ರೂ ಡಬ್ಬಿ ಕೀಳಲ್ಲ. ವಿಕ್ಟೋರಿಯಾ ಕಾಲದ ಡಬ್ಬಿಗೆ ಇವತ್ತು ಕಾಗದ ಹಾಕಿದ್ರೂ ತಲುಪುತ್ತೆ. ಇದು ಬರೋಕೆ ಮುಖ್ಯ ಕಾರಣ ಆಂಥನಿ ಟ್ರಾಲಪ್ ಅನ್ನೋ ಕಾದಂಬರಿಕಾರ. ಹೊಟ್ಟೆಪಾಡಿಗೆ ಅಂಚೆ ಇಲಾಖೆಯಲ್ಲಿದ್ದ. 1852ರಲ್ಲಿ ಜರ್ಸಿ ದ್ವೀಪದಲ್ಲಿ ಮೊದಲು ನಿಲ್ಲಿಸಿದ್ರು, ಮರುವರ್ಷ ಕಾರ್ಲೈಲ್ ಊರಲ್ಲಿ. ಆಮೇಲೆ ಹಸಿರು ಬಳೀತಿದ್ರು. ಕಣ್ಣಿಗೆ ಬೀಳಲ್ಲ ಅಂತ ಜನ ದೂರಿದ್ರು, 1874ರಿಂದ ಕೆಂಪು ಬಣ್ಣ ಬಂತು. ನಿಮ್ಮೂರ ಡಬ್ಬಿಯ ಕೆಂಪಿಗೂ ಮೂಲ ಅದೇ.

ಹೊಸಬಳು: ಸರಿ, ಚೆನ್ನಾಗಿದೆ. ನಾಳೆ ಇನ್ನೊಂದು ಡಬ್ಬಿ ಹುಡುಕಿ ಅಕ್ಷರ ಓದ್ತೀನಿ. ನಾಡಿದ್ದು ಮತ್ತೊಂದು. ಆಮೇಲೆ? ಸಾಯಂಕಾಲ ಆರು ಆಗೋ ಹೊತ್ತಿಗೆ ಅಂಗಡಿ ಬಾಗಿಲು ಹಾಕ್ತಾರೆ, ಬೀದಿ ಖಾಲಿ. ಕೊನೇ ಬಸ್ಸು ಹೋದ್ರೆ ನಡೀಬೇಕು. ರೂಮಿಗೆ ಹೋಗಿ ದೀಪ ಹಾಕ್ತೀನಿ. ಎಂಟು ತಿಂಗಳಾಯ್ತು, ಒಬ್ಬರೂ ನನ್ನ ‘ಊಟ ಆಯ್ತಾ’ ಅಂತ ಕೇಳಿಲ್ಲ. ಡಬ್ಬಿ ಕೇಳುತ್ತಾ?

ಹಳಬ: ಇಲ್ಲಿನೋರು ಅದನ್ನ ಬೇರೆ ಮಾತಲ್ಲಿ ಕೇಳ್ತಾರೆ. ಬೆಳಗ್ಗೆ ತರಕಾರಿ ಅಂಗಡಿಯಾಕೆ ಏನಂದ್ಲು ನಿನಗೆ?

ಹೊಸಬಳು: ‘ಇವತ್ತು ಗಾಳಿ ತಣ್ಣಗಿದೆ ಅಲ್ವಾ, ಲವ್’ ಅಂದ್ರು.

ಹಳಬ: ಗಾಳಿ ತಣ್ಣಗಿರೋದು ಅವಳಿಗೂ ಗೊತ್ತು, ನಿನಗೂ ಗೊತ್ತು. ಸುದ್ದಿ ತಿಳ್ಕೊಳ್ಳೋಕೆ ಕೇಳಿದ್ದಲ್ಲ ಅದು. ನಮ್ಮ ‘ಊಟ ಆಯ್ತಾ’ನೂ ಹಾಗೇ. ಮಧ್ಯಾಹ್ನ ಮೂರು ಗಂಟೆಗೆ ದಾರೀಲಿ ಸಿಕ್ಕವರಿಗೆ ಊಟ ಆಯ್ತಾ ಅಂದ್ರೆ, ನೀನಿರೋದು ನನ್ನ ಗಮನಕ್ಕೆ ಬಂತು ಅಂತ ಅಷ್ಟೇ. ಇವರ ಹವಾಮಾನವೂ ಅಷ್ಟೇ. ಮೊದಲ ಚಳಿಗಾಲದಲ್ಲಿ ನನಗೂ ರೇಗ್ತಿತ್ತು. ಒಂದಿನ ಒಬ್ಬ ಮುದುಕ ಹಾಗಂದಾಗ ಯಾಕೋ ನಿಂತು, ‘ಹೌದು, ನಿನ್ನೆಗಿಂತ ಜಾಸ್ತಿ’ ಅಂದೆ. ಆ ಮುದುಕ ಟೋಪಿ ತೆಗೆದು ಅರ್ಧ ಗಂಟೆ ಮಾತಾಡಿದ.

ಹೊಸಬಳು: ಅಷ್ಟೇ ಅಂತೀರಲ್ಲ, ಅಷ್ಟೇ ಅಲ್ಲ ಸರ್. ಊಟ ಆಯ್ತಾ ಅಂತ ಕೇಳಿದೋರಿಗೆ ‘ಇಲ್ಲ’ ಅಂದ್ರೆ ನಮ್ಮೂರಲ್ಲಿ ತಟ್ಟೆ ಹಾಕ್ತಾರೆ. ಇಲ್ಲಿ ಚಳಿ ಆಗ್ತಿದೆ ಅಂದ್ರೆ ಯಾರೂ ಶಾಲು ಹೊದಿಸಲ್ಲ. ಮಾತು ಒಂದೇ ಥರ ಕಾಣಬಹುದು. ಮಾತಿನ ಹಿಂದೆ ಮನೆ ಇದೆಯಾ, ಬರೀ ಬೀದಿ ಇದೆಯಾ, ಅದು ಮುಖ್ಯ ಅಲ್ವಾ?

ಅವರು ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಹೊಳೆಯಾಚೆ ಕೋಟೆಯ ಗೋಡೆಗೆ ಬಿಸಿಲು ಬಿದ್ದು ಕಲ್ಲು ಬೆಲ್ಲದಚ್ಚಿನ ಬಣ್ಣಕ್ಕೆ ತಿರುಗಿತ್ತು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದೆ.

ಹಳಬ: ನೀನು ಹೇಳಿದ್ದು ನಿಜ. ಮನೆ ಸಿಗೋಕೆ ಹೊತ್ತು ಹಿಡಿಯುತ್ತೆ. ಕೆಲವರಿಗೆ ಸಿಗೋದೇ ಇಲ್ಲ. ನಾನು ಹೇಳ್ತಿರೋದು, ಸಿಗೋ ತನಕ ಏನು ಮಾಡ್ತೀಯ ಅಂತ. ನನಗೆ ಕೈಹಿಡಿದದ್ದು ಈ ಚಿಲ್ಲರೆ ವಿಷಯಗಳು. ಊರು ಒಂದೇ ಏಟಿಗೆ ಬಾಗಿಲು ತೆಗೀಲಿಲ್ಲ. ಆದ್ರೆ ಸಣ್ಣ ಸಣ್ಣ ಕಿಂಡಿ ಬಿಟ್ಟಿತ್ತು. ಬ್ರಾಡ್ ಸ್ಟ್ರೀಟಿನ ಹಿಂದೆ ಯಾಕೆ ಕರ್ಕೊಂಡು ಹೋದೆ ಅಂದ್ಯಲ್ಲ. ಮುಂದೆ ನಿಂತ್ರೆ ಸಾಲಾಗಿ ಇಟ್ಟಿಗೆ ಮನೆ, ಅಳೆದಿಟ್ಟ ಹಾಗೆ ಕಿಟಕಿ, 18ನೇ ಶತಮಾನದ ಠೀವಿ. ಹಿಂದೆ ಹೋದ್ರೆ ಅದೇ ಮನೆಗಳಲ್ಲಿ ಎಷ್ಟಕ್ಕೋ ಮರದ ಚೌಕಟ್ಟು, ಸೊಟ್ಟ ಗೋಡೆ, ಬಾಗಿದ ತೊಲೆ. ಇನ್ನೂರು ಮುನ್ನೂರು ವರ್ಷ ಹಳೇ ಮನೆಗೆ ಮುಂದುಗಡೆ ಮಾತ್ರ ಹೊಸ ಇಟ್ಟಿಗೆ ಮುಖ ಕಟ್ಟಿಸಿದ್ರು. ಅದು ಗೊತ್ತಾದ ದಿನ ನನಗೆ ಈ ಜನದ ಬಗ್ಗೆ ಇದ್ದ ಹೆದರಿಕೆ ಅರ್ಧ ಹೋಯ್ತು.

ಹೊಸಬಳು: ಹೆದರಿಕೆ ಯಾಕೆ ಹೋಗುತ್ತೆ?

ಹಳಬ: ನಾನೂ ಹಾಗೇ ಇದ್ದೆನಲ್ಲ. ಕ್ಲಿನಿಕ್ಕಿನಲ್ಲಿ ಟೈ, ನೆಟ್ಟಗಿನ ಇಂಗ್ಲಿಷು. ಮನೇಲಿ ಪಂಚೆ, ತಟ್ಟೇಲಿ ಉಪ್ಪಿನಕಾಯಿ. ಎಲ್ಲರಿಗೂ ಒಂದು ಹಿತ್ತಲಿರುತ್ತೆ ಅಂತ ಗೋಡೆ ಹೇಳಿಕೊಡ್ತು. ಅದಕ್ಕೇ ಚರ್ಚಿನಲ್ಲಿ ಆಸನ ಮೇಲೆತ್ತಿ ತೋರಿಸಿದ್ದು. ಅದನ್ನ ಮತ್ತೆ ನೆನಪು ಮಾಡ್ಕೋ.

ಹೊಸಬಳು: ಗಾಯಕರ ಸಾಲಿನಲ್ಲಿ ಮಡಚೋ ಆಸನಗಳು. ಮಡಚಿದಾಗ ತಳದಲ್ಲಿ ಒಂದು ಪುಟ್ಟ ಚಾಚು, ಅಂಗೈ ಅಗಲ. ಅದರ ಕೆಳಗೆ ಕೆತ್ತನೆ. ಒಂದರಲ್ಲಿ ಗೂಬೆ ಇತ್ತು, ಒಂದರಲ್ಲಿ ಮತ್ಸ್ಯಕನ್ಯೆ. ಒಬ್ಬ ಮನುಷ್ಯ ಬೆಂಕಿ ಕಾಯಿಸ್ತಿದ್ದ, ಅವನ ಮುಖ ಮಾತ್ರ ನಮ್ಮ ತಾತನ ಥರಾನೇ ಇತ್ತು. ಆಮೇಲೆ ಆ ಹೆಂಗಸು, ದೆವ್ವದ ಹೆಗಲ ಮೇಲೆ ತಲೆಕೆಳಗಾಗಿ.

ಹಳಬ: ಬಿಯರ್ ಮಾರೋ ಹೆಂಗಸು. ಅಳತೆಯಲ್ಲಿ ಮೋಸ ಮಾಡ್ತಿದ್ಲು. ಆ ಮೋಸದ ಹೂಜಿ ಇನ್ನೂ ಅವಳ ಕೈಯಲ್ಲೇ ಇದೆ, ದೆವ್ವ ನರಕದ ಬಾಯಿಗೆ ಒಯ್ತಾ ಇದೆ. ಇನ್ನೊಂದು ದೆವ್ವ ಅವಳ ಪಾಪದ ಪಟ್ಟಿ ಓದುತ್ತೆ. ಮತ್ತೊಂದು ಚೀಲದ ವಾದ್ಯ ಊದುತ್ತೆ. ಒಟ್ಟು 28 ಆಸನ, ಹೆಚ್ಚುಕಮ್ಮಿ 600 ವರ್ಷದ ಕೆಲಸ. ಪಾವು ಸೇರಿನಲ್ಲಿ ಮೋಸ ಹೋದವರ ಸಿಟ್ಟು ಎಲ್ಲಾ ಊರಲ್ಲೂ ಒಂದೇ. ಯೋಚನೆ ಮಾಡು, ಕೂತ್ರೆ ಮುಚ್ಚಿಹೋಗೋ ಜಾಗ ಅದು. ಅಲ್ಲಿ ಯಾರೋ ಬಡಗಿ ತನ್ನ ಊರಿನ ನಗುವನ್ನೆಲ್ಲ ಇಟ್ಟು ಹೋಗಿದ್ದಾನೆ.

ಹೊಸಬಳು: ಕೆತ್ತನೆ ಚೆಂದ. ಆ ಚಾಚು ಯಾತಕ್ಕೆ ಅಂತ ನೀವು ಹೇಳಲೇ ಇಲ್ಲ, ಅಷ್ಟರಲ್ಲಿ ಯಾರೋ ಬಂದ್ರು.

ಹಳಬ: ಹಳೇ ಕಾಲದಲ್ಲಿ ಪ್ರಾರ್ಥನೆ ದಿನಕ್ಕೆ ಎಷ್ಟೋ ಸಲ, ಎಲ್ಲಾ ನಿಂತುಕೊಂಡೇ. ವಯಸ್ಸಾದ ಪಾದ್ರಿಗಳಿಗೆ ಕಾಲು ತಡೀತಿರಲಿಲ್ಲ. ಕೂತ್ಕೊಳ್ಳೋ ಹಾಗಿಲ್ಲ. ಅದಕ್ಕೆ ಆಸನ ಮಡಚಿ, ಆ ಚಾಚಿನ ಮೇಲೆ ಸೊಂಟ ಆನಿಸ್ತಿದ್ರು. ನೋಡೋರಿಗೆ ನಿಂತ ಹಾಗೆ, ಕಾಲಿಗೆ ಕೂತ ಹಾಗೆ. ಅದರ ಹೆಸರು ಮಿಸೆರಿಕಾರ್ಡ್. ಲ್ಯಾಟಿನ್ನಿನಲ್ಲಿ ಕರುಣೆ ಅಂತ ಅರ್ಥ.

ಹೊಸಬಳು: ಕರುಣೆ ಅಂತನಾ? ಒಂದು ಮರದ ತುಂಡಿಗೆ?

ಹಳಬ: ಅಂಗೈ ಅಗಲದ ಮರದ ತುಂಡಿಗೆ.

ಹೊಸಬಳು: ನಾನು ಹನ್ನೆರಡು ಗಂಟೆ ಡ್ಯೂಟಿ ಮಾಡ್ತೀನಿ ಸರ್. ನಡುವೆ ಔಷಧಿ ಬೀರುವಿನ ಪಕ್ಕ ಗೋಡೆಗೆ ಒರಗಿ ಒಂದು ನಿಮಿಷ ಕಣ್ಣು ಮುಚ್ತೀನಿ. ಅಲ್ಲೊಂದು ಪೈಪ್ ಹಾದು ಹೋಗುತ್ತೆ, ಸೊಂಟಕ್ಕೆ ಬಿಸಿ ತಾಗುತ್ತೆ. ಅದಕ್ಕೆ ನಾನು ಹೆಸರೇ ಇಟ್ಟಿರಲಿಲ್ಲ.

ಹಳಬ: ನೋಡಿದ್ಯಾ?

ಹೊಸಬಳು: ಇಲ್ಲ, ಇಷ್ಟಕ್ಕೆ ನಿಮ್ಮ ಪಕ್ಷಕ್ಕೆ ಬಂದೆ ಅನ್ಕೋಬೇಡಿ. ಆ ಚಾಚು ಇದ್ದದ್ದಕ್ಕೆ ಪ್ರಾರ್ಥನೆ ಗಿಡ್ಡ ಆಗಲಿಲ್ಲ ಅಲ್ವಾ? ನಿಲ್ಲೋದು ಹಾಗೇ ಉಳೀತು. ನೀವು ಹೇಳೋ ಸಣ್ಣ ಸಂತೋಷಗಳ ಮೇಲೆ ನನ್ನ ಆಕ್ಷೇಪ ಅದೇ. ಅವು ಮನುಷ್ಯನ್ನ ತಡ್ಕೊಳ್ಳೋ ಹಾಗೆ ಮಾಡ್ತವೆ, ಬದಲಾಯಿಸೋ ಹಾಗಲ್ಲ. ಬಸ್ಸಿಲ್ಲ ಅಂದ್ರೆ ಬಸ್ಸು ಬೇಕು ಅಂತ ಕೇಳ್ಬೇಕು. ಬಸ್‌ಸ್ಟಾಪಿನ ಹಿಂದಿರೋ ಗೋಡೆಯ ಪಾಚಿ ಎಷ್ಟು ಚೆಂದ ಅಂತ ನೋಡ್ತಾ ನಿಂತ್ರೆ ಬಸ್ಸು ಬರುತ್ತಾ?

ಹಳಬ: ಪಾಚಿ ನೋಡಿದವನು ಬಸ್ಸು ಕೇಳಬಾರದು ಅಂತ ಎಲ್ಲಿದೆ? ನನ್ನ ಅನುಭವ ತಿರುಗಾ ಮುರುಗಾ. ಯಾವ ಊರನ್ನ ನಾನು ಹತ್ತಿರದಿಂದ ನೋಡಲಿಲ್ಲವೋ ಆ ಊರಿಗಾಗಿ ನಾನು ಒಂದು ಅರ್ಜಿ ಕೂಡ ಬರೆದಿಲ್ಲ. ಇಲ್ಲಿ ಬರೆದಿದ್ದೀನಿ. ಗ್ರಂಥಾಲಯದ ವೇಳೆಗೆ, ಕಾಲುದಾರಿಗೆ. ಗೊತ್ತಿಲ್ಲದ್ದರ ಮೇಲೆ ಮಮಕಾರ ಹುಟ್ಟಲ್ಲ ಮಗಳೇ.

ಹೊಸಬಳು: ಆ ಕಲ್ಲಿನ ಮೇಲೂ ಮಮಕಾರನಾ?

ಹಳಬ: ಅದರ ಮೇಲೂ. ಲಡ್‌ಫೋರ್ಡ್ ಸೇತುವೆ ದಾಟಿ ತಿರುವಿನಲ್ಲಿ ತೋರಿಸಿದ್ನಲ್ಲ, ಪದರು ಪದರಾಗಿದ್ದ ಬಂಡೆ. ಕಲ್ಲಿನ ನಡುವೆ ಬೆರಳಗಲದ ಕಂದು ಗೆರೆ. ಅದರಲ್ಲಿರೋದು ಮೀನಿನ ಮುಳ್ಳು, ಹುರುಪೆ, ಚೂರುಪಾರು. 42 ಕೋಟಿ ವರ್ಷದ ಹಿಂದೆ ಈ ಗುಡ್ಡ ಸಮುದ್ರದ ತಳ. ರೋಡ್ರಿಕ್ ಮರ್ಚಿಸನ್ ಅನ್ನೋ ಭೂವಿಜ್ಞಾನಿ ಈ ಸೀಮೆಯ ಬಂಡೆಗಳನ್ನ ಓದಿ 1839ರಲ್ಲಿ ದೊಡ್ಡ ಪುಸ್ತಕ ತಂದ. ಇವತ್ತಿಗೂ ಚೀನಾದ ವಿಜ್ಞಾನಿಯಾಗಲಿ ಬ್ರೆಜಿಲಿನವನಾಗಲಿ ಭೂಮಿಯ ಆ ಕಾಲಘಟ್ಟಕ್ಕೆ ‘ಲಡ್ಲೋ’ ಅಂತಲೇ ಹೇಳ್ಬೇಕು. ಇಡೀ ಲೋಕದ ಪಂಚಾಂಗದಲ್ಲಿ ಈ ಪುಟ್ಟ ಪೇಟೆಯ ಹೆಸರಿದೆ, ಅದರ ಗುರುತು ಲಾರಿಗಳು ತಿರುಗೋ ಮೂಲೆಯಲ್ಲಿದೆ.

ಹೊಸಬಳು: ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಅಂತ ಶಾಲೇಲಿ ಕರ್ಕೊಂಡು ಹೋಗಿ ತೋರಿಸಿದ್ರು. ನಾವು ಅದರ ಮೇಲೆ ಕೂತು ಚಿತ್ರಾನ್ನ ತಿಂದ್ವಿ.

ಹಳಬ: ತಿನ್ನಬೇಕಾದ್ದೇ. ಬಂಡೆಗೆ ಅದಕ್ಕಿಂತ ಒಳ್ಳೇ ಗೌರವ ಇಲ್ಲ.

ಹೊಸಬಳು: ಅಲ್ಲೇ ಸರ್ ನನ್ನ ಮಾತಿರೋದು. ನಮ್ಮೂರು ಶ್ರೀರಂಗಪಟ್ಟಣ. ಕೋಟೆಯೊಳಗೇ ಹುಟ್ಟಿ ಬೆಳೆದೋಳು. ಕೋಟೆ ಗೋಡೆ ಮೇಲೆ ಬಟ್ಟೆ ಒಣಗಿಸ್ತಿದ್ವಿ. ಟಿಪ್ಪು ಬಿದ್ದ ಜಾಗದ ಕಲ್ಲಿನ ಪಕ್ಕದಿಂದ ದಿನಾ ಸ್ಕೂಲಿಗೆ ಹೋಗ್ತಿದ್ದೆ, ಒಂದು ದಿನ ನಿಂತು ಓದಿಲ್ಲ. ಓದ್ತಿದ್ದೋರು ಟಾಂಗಾದಲ್ಲಿ ಬರ್ತಿದ್ದ ಟೂರಿಸ್ಟುಗಳು. ಊರಿನವರಿಗೆ ಊರು ಕಾಣಲ್ಲ, ಅವರು ಅದರೊಳಗೆ ಬಾಳ್ತಾರೆ. ಅಂದಮೇಲೆ ಮೂವತ್ತು ವರ್ಷ ಆದಮೇಲೂ ನೀವು ಅಂಚೆ ಡಬ್ಬಿ ಮುಂದೆ ನಿಲ್ತೀರಿ ಅಂದ್ರೆ, ಇನ್ನೂ ಟಾಂಗಾದಿಂದ ಇಳಿದೇ ಇಲ್ಲ ಅಂತ ಅಲ್ವಾ?

ಹಳಬ: ಈ ಮಾತು ನಾಟಿತು. ಇಲ್ಲ ಅನ್ನಲ್ಲ. ಆದ್ರೆ ಪೂರ್ತಿ ಒಪ್ಪಲ್ಲ. ಹ್ಯಾಂಪ್‌ಶೈರ್ ಸೀಮೆಯಲ್ಲಿ ಸೆಲ್ಬೋರ್ನ್ ಅಂತ ಹಳ್ಳಿ. ಗಿಲ್ಬರ್ಟ್ ವೈಟ್ ಅನ್ನೋ ಪಾದ್ರಿ ಅಲ್ಲೇ ಹುಟ್ಟಿದ, ಅಲ್ಲೇ ತೀರಿಕೊಂಡ. ತನ್ನ ಊರಿನ ಹಕ್ಕಿ, ಎರೆಹುಳು, ಹಿತ್ತಲಿನ ಆಮೆ, ಇಷ್ಟನ್ನೇ ಜೀವಮಾನವಿಡೀ ನೋಡಿದ. ನೋಡೋಕೆ ಒಂದೇ ಥರ ಇರೋ ಮೂರು ಪುಟ್ಟ ಹಕ್ಕಿಗಳು ಬೇರೆ ಬೇರೆ ಜಾತಿ ಅಂತ ಅವುಗಳ ಕೂಗು ಕೇಳಿಯೇ ಹೇಳಿದ. ಎರೆಹುಳು ಇಲ್ಲದಿದ್ರೆ ನೆಲ ಬಂಜೆ ಅಂತ ಗುರುತಿಸಿದ. 1789ರಲ್ಲಿ ಬಂದ ಅವನ ಪುಸ್ತಕ ಇವತ್ತಿಗೂ ಅಂಗಡೀಲಿ ಸಿಗುತ್ತೆ. ಅವನು ಯಾವ ಟಾಂಗಾದಿಂದ ಇಳಿದವನು? ಊರಿನವನೇ ಊರನ್ನ ನೋಡಿದ.

ಹೊಸಬಳು: ಅವನಿಗೆ ಪುರುಸೊತ್ತಿತ್ತು. ಮನೆ ಇತ್ತು, ಅಡಿಗೆಯವರಿದ್ರು. ನನ್ನ ವೀಸಾ ಕಾಗದದ ಮೇಲೆ ಕೊನೇ ತಾರೀಕಿದೆ. ನೋಡೋದಕ್ಕೂ ನೆಲೆ ಬೇಕು ಸರ್.

ಹಳಬ: ನೆಲೆ ಬೇಕು. ನೋಡ್ತಾ ನೋಡ್ತಾ ಸ್ವಲ್ಪ ನೆಲೆ ಸಿಗುತ್ತೆ ಅಂತಲೂ ನನ್ನ ನಂಬಿಕೆ. ಹೆಂಡತಿ ತೀರಿಕೊಂಡ ವರ್ಷ ಚರ್ಚಿನ ಗಂಟೆ ಬಾರಿಸೋರ ಜೊತೆ ಸೇರಿಕೊಂಡೆ.

ಹೊಸಬಳು: ನೀವು? ಚರ್ಚಿನಲ್ಲಿ?

ಹಳಬ: ಅಲ್ಲಿ ಬಾರಿಸೋರಲ್ಲಿ ದೇವರನ್ನ ನಂಬದೋರೂ ಇದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಹಗ್ಗ, ಮೇಲೆ ಒಂದೊಂದು ಗಂಟೆ. ಹಗ್ಗದಲ್ಲಿ ಕೈ ಹಿಡಿಯೋ ಕಡೆ ಉಣ್ಣೆ ಸುತ್ತಿ ದಪ್ಪ ಮಾಡಿರ್ತಾರೆ, ಬಣ್ಣದ ಪಟ್ಟೆ. ಎಳೆದ್ರೆ ಗಂಟೆ ಪೂರಾ ಒಂದು ಸುತ್ತು ತಿರುಗಿ ತಲೆಕೆಳಗಾಗಿ ನಿಲ್ಲುತ್ತೆ. ಹಗ್ಗ ಕೈಯಿಂದ ಹಾವಿನ ಹಾಗೆ ಮೇಲಕ್ಕೆ ಓಡುತ್ತೆ, ಬಿಡಬೇಕಾದಾಗ ಬಿಡದಿದ್ರೆ ನಿನ್ನನ್ನೂ ಎತ್ತುತ್ತೆ. ಇದರಲ್ಲಿ ರಾಗ ನುಡಿಸೋಕಾಗಲ್ಲ. ಗಂಟೆಗಳ ಸರದಿಯನ್ನ ಮಾತ್ರ ಬದಲಾಯಿಸ್ತಾ ಹೋಗ್ತಾರೆ, ಬಾರಿಸಿದ ಸರದಿ ಮತ್ತೆ ಬರಬಾರದು. ಏಳು ಗಂಟೆಗೆ 5,040 ಸರದಿ, ಬಾರಿಸೋಕೆ ಮೂರು ತಾಸು. ಎಂಟಾದ್ರೆ 40,320. ಕಾಗದ ನೋಡೋ ಹಾಗಿಲ್ಲ. ಪಕ್ಕದವರ ಹಗ್ಗ ನೋಡ್ತಾ, ಕಿವಿ ಕೊಟ್ಟು, ನಿನ್ನ ಜಾಗಕ್ಕೆ ಬರಬೇಕು.

ಹೊಸಬಳು: ಅವರು ನಿಮ್ಮನ್ನ ಊಟಕ್ಕೆ ಕರೀತಾರಾ?

ಹಳಬ: ಕ್ರಿಸ್‌ಮಸ್ಸಿಗೆ ಕರೀತಾರೆ. ಮಿಕ್ಕ ದಿನ ಇಲ್ಲ. ಆದ್ರೆ ಅಭ್ಯಾಸದ ಸಂಜೆ ನಾನು ಹೋಗದಿದ್ರೆ ಒಂದು ಹಗ್ಗ ಸುಮ್ಮನೆ ತೂಗಾಡುತ್ತೆ. ಆಗ ಫೋನ್ ಬರುತ್ತೆ. ಯಾವ ದೇಶದೋನು ಅಂತ ಕೇಳೋ ಫೋನಲ್ಲ. ಯಾಕೆ ಬರಲಿಲ್ಲ ಅಂತ ಕೇಳೋದು.

ಹೊಸಬಳು: ಅದು ನನಗೆ ಅರ್ಥವಾಗುತ್ತೆ. ಆದ್ರೂ ಆ ಹಗ್ಗ, ಆ ಗಂಟೆ ಎಲ್ಲಾ ಅವರದು ಸರ್. ಅವರ ಊರು, ಅವರ ಕೋಟೆ. ಬಿಯರಿನ ಹೆಂಗಸೂ ಅವರ ಊರಿನವಳೇ. ಇದಕ್ಕೂ ನನಗೂ ಏನು ಸಂಬಂಧ?

ಹಳಬ: ಇದನ್ನ ಹೇಳ್ಲೋ ಬೇಡ್ವೋ ಅಂತ ಬೆಳಗ್ಗೆಯಿಂದ ಯೋಚಿಸ್ತಿದ್ದೆ. ಆ ಕೋಟೆ ಯಾರದು ಗೊತ್ತಾ?

ಹೊಸಬಳು: ಸರ್ಕಾರದ್ದಲ್ವಾ?

ಹಳಬ: ಅಲ್ಲ. 1502ರಲ್ಲಿ ಯುವರಾಜ ಆರ್ಥರ್ 15ನೇ ವಯಸ್ಸಿಗೆ ಅಲ್ಲಿ ತೀರಿಕೊಂಡ, ಅದಕ್ಕೇ ಅವನ ತಮ್ಮ ಎಂಟನೇ ಹೆನ್ರಿ ಪಟ್ಟಕ್ಕೆ ಬಂದ. ಇಷ್ಟು ಎಲ್ಲಾ ಗೈಡುಗಳೂ ಹೇಳ್ತಾರೆ. ಆಮೇಲೆ ಕೋಟೆ ಪಾಳುಬಿತ್ತು. 1811ರಲ್ಲಿ ರಾಜಮನೆತನದಿಂದ ಅದನ್ನ ಕೊಂಡವನು ಪೋವಿಸ್ಸಿನ ಅರ್ಲ್ ಎಡ್ವರ್ಡ್ ಕ್ಲೈವ್. ಪ್ಲಾಸಿಯ ರಾಬರ್ಟ್ ಕ್ಲೈವನ ಮಗ. ಇವತ್ತಿಗೂ ಅದೇ ಎಸ್ಟೇಟಿನ ಕೈಯಲ್ಲಿದೆ. ಈ ಎಡ್ವರ್ಡ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ.

ಹೊಸಬಳು: 1799ರಲ್ಲಿ?

ಹಳಬ: 1799ರಲ್ಲಿ. ಮೇ 4ನೇ ತಾರೀಕು ನಿಮ್ಮೂರು ಬಿದ್ದಾಗ. ಇಲ್ಲಿಂದ ವಾಯವ್ಯಕ್ಕೆ, ವೇಲ್ಸ್ ಗಡಿಯೊಳಗೆ, ವೆಲ್ಷ್‌ಪೂಲ್ ಅಂತ ಊರಿದೆ. ಅಲ್ಲಿ ಆ ಮನೆತನದ್ದಾಗಿದ್ದ ಪೋವಿಸ್ ಕೋಟೆ. ಅದರೊಳಗೆ ಟಿಪ್ಪುವಿನ ಡೇರೆ ಇದೆ. ಹೂಬಳ್ಳಿಯ ಹತ್ತಿ ಬಟ್ಟೆ, ಒಳಗೆ ನಿಂತ್ರೆ ಸುತ್ತ ಹೂದಾನಿ ಸಾಲು. ಅವನ ಸಿಂಹಾಸನದ ಚಿನ್ನದ ಹುಲಿಮುಖಗಳಲ್ಲಿ ಒಂದೂ ಅಲ್ಲೇ ಇದೆ. ಆ ಡೇರೆಯನ್ನ ಒಂದು ಕಾಲಕ್ಕೆ ತೋಟದ ಪಾರ್ಟಿಗೆ ನೆರಳು ಮಾಡಿಕೊಂಡಿದ್ರು.

ಅವಳ ಕೈಲಿದ್ದ ಚಹಾ ತಣ್ಣಗಾಯಿತು. ಎದುರಿನ ಕೋಟೆಯನ್ನು ಅವಳು ಆ ದಿನ ಮೊದಲ ಸಲ ಬಿಡದೆ ನೋಡಿದಳು.

ಹೊಸಬಳು: ಇದು ನಿಮ್ಮ ಸಣ್ಣ ಸಂತೋಷದ ಪಟ್ಟಿಗೆ ಸೇರುತ್ತಾ ಸರ್?

ಹಳಬ: ಸೇರಲ್ಲ. ಆದ್ರೆ ನಾನು ಇಲ್ಲಿಗೆ ತಲುಪಿದ್ದು ಆ ದಾರಿಯಲ್ಲೇ. ಕೋಟೆ ಬಾಗಿಲಲ್ಲಿ ಟಿಕೆಟ್ ತಗೊಂಡಾಗ, ಈ ದುಡ್ಡು ಯಾರಿಗೆ ಹೋಗುತ್ತೆ ಅಂತ ಸುಮ್ಮನೆ ಕೇಳಿದೆ. ಅಷ್ಟು ಸಣ್ಣ ಪ್ರಶ್ನೆ. ಎಳೆ ಹಿಡಿದು ಹೋದ್ರೆ ಶ್ರೀರಂಗಪಟ್ಟಣ ಬಂತು. ಸಣ್ಣದನ್ನ ನಿಜವಾಗಿ ನೋಡಿದ್ರೆ ಅದು ಸಣ್ಣದಾಗಿಯೇ ಉಳಿಯಲ್ಲ ಅಂತ ಹೇಳೋಕೆ ಹೊರಟಿದ್ದೆ.

ಹೊಸಬಳು: ನನಗೆ ಬೇರೆ ಕೇಳಿಸ್ತಿದೆ. ಆ ಎಡ್ವರ್ಡನ ಹೆಂಡತಿ ನಮ್ಮೂರಿಗೆ ಬಂದಿದ್ಲಾ?

ಹಳಬ: ಹೆನ್ರಿಯೆಟ್ಟಾ. ಬಂದಿದ್ಲು. 1800ರಲ್ಲಿ ಮಕ್ಕಳನ್ನ ಕರ್ಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲಾ ಸುತ್ತಿದ್ಲು. ಗಿಡ, ಕಲ್ಲು, ಚಿಪ್ಪು ಕೂಡಿಸಿದ್ಲು, ದಿನಚರಿ ಬರೆದ್ಲು. ಟಿಪ್ಪುವಿನ ವಸ್ತುಗಳನ್ನೂ ಕೂಡಿಸಿದ್ಲು.

ಹೊಸಬಳು: ಅಂದ್ರೆ ಅವಳೂ ನಿಮ್ಮ ಥರಾನೇ. ಸಣ್ಣ ಸಣ್ಣದನ್ನ ಪ್ರೀತಿಯಿಂದ ನೋಡಿದೋಳು. ನೋಡಿ ಚೆಂದ ಅಂದ್ಲು, ಚೆಂದ ಅಂದದ್ದನ್ನ ಎತ್ಕೊಂಡು ಬಂದ್ಲು. ನೋಡೋದು ನಿರಪಾಯ ಅಂತ ನೀವು ಹೇಳ್ತಾ ಬಂದ್ರಿ. ಯಾರ ಕೈಯಲ್ಲಿ ಕತ್ತಿ ಇದೆ ಅನ್ನೋದರ ಮೇಲೆ ಹೋಗುತ್ತೆ ಅದು.

ಹಳಬ: ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಏನನ್ನೂ ಎತ್ತಿಕೊಂಡಿಲ್ಲ, ಅಷ್ಟೇ ನನ್ನ ಸಮಾಧಾನ. ಮೀನಿನ ಮುಳ್ಳಿನ ಒಂದು ಚೂರನ್ನೂ ಆ ಬಂಡೆಯಿಂದ ಕೆತ್ತಿಲ್ಲ. ನೋಡಿ ಅಲ್ಲೇ ಬಿಡೋದು ಅಂತ ಒಂದಿದೆ. ಅವಳ ನೋಟಕ್ಕೂ ನನ್ನ ನೋಟಕ್ಕೂ ನಡುವೆ ಅಷ್ಟು ಅಂತರ ಇದ್ರೆ ಸಾಕು ಅಂತ ಆಸೆ ಪಡ್ತೀನಿ. ಸಾಕಾ ಅಂತ ನೀನು ಕೇಳಿದ್ರೆ, ಪ್ರಮಾಣ ಮಾಡಿ ಹೇಳಲಾರೆ.

ಹೊಸಬಳು: ನನ್ನದೂ ಒಂದು ಹೇಳ್ತೀನಿ. ನಮ್ಮ ಹೋಮಿನಲ್ಲಿ ಒಬ್ಬರು ಅಜ್ಜಿ. ಮಕ್ಕಳ ಹೆಸರು ಮರೆತುಹೋಗಿದೆ. ಆದ್ರೆ ನಾನು ಚಹಾ ಮಾಡಿದ ಮೊದಲ ದಿನ ನನ್ನ ಮಣಿಕಟ್ಟು ಹಿಡ್ಕೊಂಡ್ರು. ಪಾತ್ರೆಗೆ ಮೊದಲು ಬರೀ ಬಿಸಿನೀರು ಹಾಕು, ಒಂದು ಸುತ್ತು ತಿರುಗಿಸು, ಚೆಲ್ಲು, ಆಮೇಲೆ ಸೊಪ್ಪು ಅಂದ್ರು. ತಣ್ಣನೇ ಪಾತ್ರೆಗೆ ಚಹಾ ಹಾಕಿದ್ರೆ ಚಹಾಕ್ಕೆ ಗಾಬರಿ ಆಗುತ್ತಂತೆ. ದಿನಾ ಹಾಗೇ ಮಾಡ್ತೀನಿ. ದಿನಾ ಅವರು ಪಾತ್ರೆ ಮುಟ್ಟಿ ನೋಡಿ ತಲೆ ಆಡಿಸ್ತಾರೆ. ನನಗೆ ಈ ದೇಶದಲ್ಲಿ ಸಿಕ್ಕಿರೋ ಸಂತೋಷ ಅದೊಂದೇ.

ಹಳಬ: ಅದನ್ನೇ ಅಲ್ವಾ ನಾನು ಬೆಳಗ್ಗೆಯಿಂದ ಹೇಳ್ತಿರೋದು!

ಹೊಸಬಳು: ಅಲ್ಲ ಸರ್. ನೀವು ತೋರಿಸಿದ್ದು ವಸ್ತು. ನಾನು ಹೇಳಿದ್ದು ಕೈ. ಆ ಅಜ್ಜಿ ಹೋದ ದಿನ ಪಾತ್ರೆ ಇರುತ್ತೆ, ಬಿಸಿನೀರೂ ಇರುತ್ತೆ. ನನಗೆ ಸಂತೋಷ ಇರಲ್ಲ.

ಹಳಬ: ನನಗೆ ಇರುತ್ತೆ. ಬಿಸಿನೀರು ತಿರುಗಿಸಿದಾಗಲೆಲ್ಲ ಆ ಕೈ ಇರುತ್ತೆ. ಹೆಂಡತಿ ಹೋದ ಮೇಲೆ ನಾನು ಬದುಕಿರೋದೇ ಹಾಗೆ.

ಹೊಸಬಳು ಇದಕ್ಕೆ ಉತ್ತರ ಕೊಡಲಿಲ್ಲ. ಒಪ್ಪಿದ ಮೌನವೋ, ನೋಯಿಸಬಾರದೆಂಬ ಮೌನವೋ ನನಗೆ ತಿಳಿಯಲಿಲ್ಲ. ಬಿಸಿಲು ಕೋಟೆಯಿಂದ ಇಳಿದು ಹೊಳೆಯ ಮೇಲೆ ಬಂದಿತ್ತು. ನಾವು ಎದ್ದೆವು. ಡಿನ್‌ಹ್ಯಾಮ್ ಸೇತುವೆಯ ಕಡೆ ಇಳಿಯುವಾಗ ಅವರಿಬ್ಬರ ಮಾತು ಮತ್ತೆ ಶುರುವಾಯಿತು.

ಹೊಸಬಳು: ವೆಲ್ಷ್‌ಪೂಲಿಗೆ ಹೇಗೆ ಹೋಗೋದು?

ಹಳಬ: ಶ್ರೂಸ್‌ಬರಿಯಲ್ಲಿ ರೈಲು ಬದಲಾಯಿಸಬೇಕು. ನಿನ್ನ ಮುಂದಿನ ರಜೆಗೆ ನಾನೇ ಕಾರಿನಲ್ಲಿ ಕರ್ಕೊಂಡು ಹೋಗ್ತೀನಿ. ಡೇರೆಯ ಅಂಚಿನ ಹೊಲಿಗೆ ನೋಡ್ಬೇಕು ನೀನು, ಹಗ್ಗ ಕಟ್ಟೋ ಕಡೆ ಹೇಗೆ ಬಲಪಡಿಸಿದ್ದಾರೆ ಅಂತ.

ಹೊಸಬಳು: ಬೇಡ ಸರ್. ಮೊದಲನೇ ಸಲ ಒಬ್ಬಳೇ ನೋಡ್ಬೇಕು. ನಾನು ನೋಡೋಕೆ ಹೋಗ್ತಿರೋದು ಹೊಲಿಗೆಯನ್ನಲ್ಲ.

ಹಳಬ: ಆಯ್ತು. ಬಂದ ಮೇಲೆ ಏನು ನೋಡಿದೆ ಅಂತ ಹೇಳು.

ಹೊಸಬಳು: ಹೇಳ್ತೀನಿ. ಅದನ್ನ ಸಂತೋಷ ಅಂತ ಕರೀಬೇಡಿ, ಅಷ್ಟೇ.

ಬಸ್‌ಸ್ಟಾಪಿನಲ್ಲಿ ಇನ್ನೂ ಹತ್ತು ನಿಮಿಷವಿತ್ತು. ಅವಳು ಕೈಚೀಲ ತೆರೆದು ಟಿಕೆಟಿಗೆ ಚಿಲ್ಲರೆ ಎಣಿಸಿದಳು. ಎಣಿಸುತ್ತಲೇ ತಲೆಯೆತ್ತಿದಳು.

ಹೊಸಬಳು: ಸರ್, ಮಧ್ಯಾಹ್ನ ಊಟ ಆಯ್ತಾ?

ಹಳಬ: ಬೆಳಗ್ಗೆ ಬ್ರೆಡ್ ತಿಂದಿದ್ದೆ. ಆಮೇಲೆ ನಿಮಗೆ ಊರು ತೋರಿಸ್ತಾ ಹೊತ್ತು ಹೋಯ್ತು. ರಾತ್ರಿಗೂ ಬ್ರೆಡ್ಡೇ.

ಹೊಸಬಳು: ಮನೇಲಿ ಬೇಳೆ ಇದೆಯಾ?

ಹಳಬ: ತೊಗರಿಬೇಳೆ ಇದೆ. ಅಕ್ಕಿನೂ ಇದೆ. ಸಾರಿನಪುಡಿ ಮುಗಿದು ಬಹಳ ದಿನ ಆಯ್ತು.

ಹೊಸಬಳು: ಅಮ್ಮ ಕಳಿಸಿದ್ದು ನನ್ನ ಚೀಲದಲ್ಲೇ ಇದೆ. ಡ್ಯೂಟಿಗೂ ಜೊತೆಗೇ ಒಯ್ಯೋದು ಅಭ್ಯಾಸ ಆಗ್ಬಿಟ್ಟಿದೆ. ನಡೀರಿ.

ಹಳಬ: ಕೊನೇ ಬಸ್ಸು ಕಣಮ್ಮ ಇದು.

ಹೊಸಬಳು: ಹೋಗ್ಲಿ. ಊಟ ಆಯ್ತಾ ಅಂತ ಕೇಳಿದ ಮೇಲೆ ಬಸ್ಸು ಹತ್ತೋಕಾಗುತ್ತಾ?

ಬಸ್ಸು ಬಂತು, ನಿಂತಿತು, ಹೋಯಿತು. ಮೂವರಿಗೆ ಸಾಕಾಗುವಷ್ಟು ಬೇಳೆ ಅವರ ಮನೆಯಲ್ಲಿತ್ತು.